ಯುದ್ಧ ನಡೀತಿರೋ ಕಡೆ ಮಕ್ಕಳ ಸ್ಕೂಲ್ ನಿಲ್ಲದ ಹಾಗೆ ನೋಡ್ಕೊಳ್ಳೋದು ಹೇಗೆ

ಗುಂಡಿನ ಸದ್ದು ಹತ್ರ ಬಂದ ತಕ್ಷಣ ಎಲ್ರೂ ಕೇಳೋದು ಸ್ಕೂಲ್ ಮುಚ್ಚೋಣ್ವಾ ಬೇಡ್ವಾ ಅಂತ. ಅದಕ್ಕೂ ಮೊದ್ಲು ನೋಡ್ಬೇಕಾದ್ದು, ಸ್ಕೂಲ್ ಒಳಗೆ ಬಂದೂಕು ಹಿಡ್ದವ್ರು ಯಾರಾದ್ರೂ ಇದಾರಾ ಅನ್ನೋದನ್ನ. ಗಟ್ಟಿ ಕಟ್ಟಡ, ಕಾಂಪೌಂಡು, ನೀರು, ಟಾಯ್ಲೆಟ್ಟು ಎಲ್ಲಾ ಒಂದೇ ಕಡೆ ಸಿಗೋದ್ರಿಂದ ಸೈನ್ಯಕ್ಕೂ ಬಂಡುಕೋರರಿಗೂ ಅದರ ಮೇಲೇ ಕಣ್ಣು. ಅವ್ರು ಎರಡೇ ರೂಮಲ್ಲಿ ಬಿಡಾರ ಹೂಡಿ ಮಿಕ್ಕಿದ್ರಲ್ಲಿ ಪಾಠ ನಡೀತಾ ಇದ್ರೂ ಎದುರಾಳಿಗಳು ಇಡೀ ಸ್ಕೂಲನ್ನೇ ಟಾರ್ಗೆಟ್ ಮಾಡ್ತಾರೆ.

ಆದ್ರಿಂದ ಬಂದೂಕು ಹಿಡ್ದವ್ರನ್ನ ಹೊರಗಿಡೋ ಮಾತುಕತೆ ಮೊದ್ಲು. ಒಬ್ಬ ಮೇಷ್ಟ್ರನ್ನ ಮಾತ್ರ ಕಳಿಸ್ಬೇಡಿ, ಅವ್ರ ತಲೆಗೇ ಬರುತ್ತೆ. ಹಿರಿಯರು, ಧಾರ್ಮಿಕ ಮುಖಂಡರು, ಪೋಷಕರು, ಎರಡೂ ಕಡೆಯವ್ರು ಮರ್ಯಾದೆ ಕೊಡೋ ಜನ ಒಟ್ಟಿಗೆ ಹೋಗ್ಬೇಕು. ನೇಪಾಳದಲ್ಲಿ ಮಾವೋವಾದಿ ಸಂಘರ್ಷದ ಕಾಲದಲ್ಲಿ ಸ್ಕೂಲನ್ನ ಶಾಂತಿ ವಲಯ ಅಂತ ಮಾಡಿ, ಆವರಣದೊಳಗೆ ಏನು ನಡೀಬಹುದು ಏನು ಬಾರ್ದು ಅಂತ ಬರೆದು ಸಹಿ ಹಾಕಿಸ್ತಿದ್ರು. ಯುದ್ಧದ ಹೊತ್ತಲ್ಲಿ ಸ್ಕೂಲುಗಳನ್ನ ಕಾಪಾಡ್ತೀವಿ ಅಂತ ದೇಶಗಳು ಮಾತು ಕೊಡೋ 2015ರ ಸೇಫ್ ಸ್ಕೂಲ್ಸ್ ಡಿಕ್ಲರೇಶನ್‌ಗೆ ನಿಮ್ಮ ದೇಶ ಒಪ್ಪಿದ್ಯಾ ಅಂತಲೂ ನೋಡಿ, ನೂರಕ್ಕೂ ಹೆಚ್ಚು ದೇಶ ಒಪ್ಪಿವೆ. ಅದರ ಜೊತೆಗಿರೋ ಮಾರ್ಗಸೂಚಿ ಪ್ರಕಾರ ನಡೀತಿರೋ ಸ್ಕೂಲನ್ನ ಸಂಜೆ ಮೇಲೋ ರಜೆಯಲ್ಲೋ ಕೂಡ ಸೈನ್ಯ ಬಳಸ್ಬಾರ್ದು. ಕಾನೂನಿನ ಕಟ್ಟುಪಾಡು ಅದಕ್ಕಿಲ್ಲ ನಿಜ, ಆದ್ರೂ ಕಮಾಂಡರ್ ಮುಂದೆ ಇಡೋಕೆ ಒಂದು ಕಾಗದ ಇದ್ದಂಗಾಗುತ್ತೆ. ಏನಾದ್ರೂ ದಾಳಿ ಆದ್ರೆ ತಾರೀಕು, ಟೈಮು, ಫೋಟೋ ಇಟ್ಕೊಳ್ಳಿ. ಭದ್ರತಾ ಮಂಡಳಿ 2011ರಲ್ಲಿ ಮಾಡಿದ 1998ನೇ ನಂಬರಿನ ನಿರ್ಣಯದ ಪ್ರಕಾರ ಸ್ಕೂಲ್ ಮೇಲೆ ಮತ್ತೆ ಮತ್ತೆ ದಾಳಿ ಮಾಡೋರ ಹೆಸ್ರು ವಿಶ್ವಸಂಸ್ಥೆಯ ವಾರ್ಷಿಕ ವರದಿಯ ಪಟ್ಟಿಗೆ ಸೇರ್ಬಹುದು. ಮಕ್ಕಳ ಫೋಟೋ, ಹೆಸ್ರು ಮಾತ್ರ ವಾಟ್ಸಾಪಲ್ಲಿ ಹರಿಯೋಕೆ ಬಿಡ್ಬೇಡಿ.

ದಾಳಿ ಆದ್ರೆ ಎಲ್ಲಿ ಅಡಗ್ಬೇಕು ಅಂತ ಕ್ಲಾಸಲ್ಲಿ ಡ್ರಿಲ್ ಮಾಡ್ಸಿ. ಯುಕ್ರೇನ್‌ನಲ್ಲಿ ಹೇಳ್ಕೊಡೋದು ಎರಡು ಗೋಡೆ ನಿಯಮ: ಹೊರಗಡೆಗೂ ಮಗುಗೂ ನಡುವೆ ಎರಡು ಗೋಡೆ ಇರ್ಬೇಕು, ಮೊದಲನೇದು ಸ್ಫೋಟದ ಹೊಡೆತ ತಡೆಯುತ್ತೆ, ಎರಡನೇದು ಚೂರುಗಳನ್ನ. ಕಿಟಕಿ ಇಲ್ಲದ ಒಳಗಿನ ಕಾರಿಡಾರ್ ಸಾಮಾನ್ಯವಾಗಿ ಸರಿಹೋಗುತ್ತೆ. ಖಾರ್ಕಿವ್‌ನಲ್ಲಂತೂ 2023ರಿಂದ ಮೆಟ್ರೋ ಸ್ಟೇಷನ್‌ಗಳಲ್ಲೇ ಕ್ಲಾಸ್ ನಡ್ಸಿದಾರೆ, ಅಂದ್ರೆ ಸ್ಕೂಲ್ ಅನ್ನೋದು ಅದೇ ಕಟ್ಟಡ ಆಗಿರ್ಲೇಬೇಕು ಅಂತಿಲ್ಲ. ದಾರಿನೇ ಡೇಂಜರ್ ಆದ್ರೆ ಮನೆ ಹತ್ರ ಚಿಕ್ಕ ಚಿಕ್ಕ ಗುಂಪು ಮಾಡಿ, ದೊಡ್ಡವ್ರ ಜೊತೆ ಕಳ್ಸಿ, ಹೋಗೋ ಟೈಮು ದಾರಿ ಎರಡನ್ನೂ ಬದಲಾಯಿಸ್ತಾ ಇರಿ.

ಎಲ್ರೂ ಮರೆಯೋದು ಕಾಗದ ಪತ್ರ. ಹಾಜರಿ ಪುಸ್ತಕ, ಅಂಕಪಟ್ಟಿ, ಟಿಸಿ ಎಲ್ಲದರ ಫೋಟೋ ತೆಗೆದು ಎರಡು ಕಡೆ ಇಡಿ, ಒಂದೊಂದು ಕಾಪಿ ಮನೆಯವ್ರಿಗೂ ಕೊಡಿ. ಊರು ಬಿಟ್ಟು ಹೋದ ಮಗುನ ಬೇರೆ ಸ್ಕೂಲು ಯಾವ ಕ್ಲಾಸಿಗೆ ಸೇರಿಸ್ಕೊಬೇಕು ಅನ್ನೋ ತಕರಾರು ಇದ್ರಿಂದ ತಪ್ಪುತ್ತೆ.

ಸೈನ್ಯ ಖಾಲಿ ಮಾಡಿ ಹೋಯ್ತು ಅಂತ ಮಾರನೇ ದಿನವೇ ಬಾಗ್ಲು ತೆಗೀಬೇಡಿ, ಸಿಡಿಯದ ಶೆಲ್ಲು, ಗ್ರೆನೇಡು ಮೈದಾನದಲ್ಲೋ ಕಪಾಟಿನೊಳಗೋ ಉಳಿದಿರುತ್ತೆ. ನೀವೇ ಗುಡಿಸೋಕೂ ಹೋಗ್ಬೇಡಿ. ತರಬೇತಿ ಇರೋ ತಂಡ ನೋಡಿ ಓಕೆ ಅಂದ್ಮೇಲೇ ಮಕ್ಕಳನ್ನ ಒಳಗೆ ಬಿಡಿ, ಗೊತ್ತಿಲ್ಲದ ಲೋಹದ ವಸ್ತು ಕಂಡ್ರೆ ಮುಟ್ಟದೆ ಬಂದ ದಾರೀಲೇ ವಾಪಸ್ ಬಂದು ದೊಡ್ಡವ್ರಿಗೆ ಹೇಳೋದನ್ನ ಅವ್ರಿಗೂ ಕಲ್ಸಿ.