ಮಗುವಿನ ನೆಗಡಿ ಮನೆಯ ಹಿರಿಯರಿಗೆ ದಾಟದಿರಲು
ಮಗುವಿಗೆ ಬರೀ ಮೂಗು ಸೋರುತ್ತಿದೆ, ಆಟವಾಡಿಕೊಂಡೇ ಇದೆ ಅಂತ ನಿರಾಳ ಆಗಬೇಡಿ, ಅದು ಫ್ಲೂ ಕೂಡ ಇರಬಹುದು. ಫ್ಲೂ ಬಂದ ದೊಡ್ಡವರು ಸಾಮಾನ್ಯವಾಗಿ ಲಕ್ಷಣ ಕಾಣುವ ಹಿಂದಿನ ದಿನದಿಂದ ಹಿಡಿದು, ಲಕ್ಷಣ ಕಂಡ ಮೇಲೆ 5-7 ದಿನದವರೆಗೆ ವೈರಸ್ ಹರಡಬಲ್ಲರು. ಚಿಕ್ಕ ಮಕ್ಕಳು ಇನ್ನೂ ಹೆಚ್ಚು ದಿನ. ಜ್ವರ ಇಳಿದ ಮಾತ್ರಕ್ಕೆ ಅಜ್ಜಿಯ ಪಕ್ಕ ಮಲಗಿಸುವ ಆತುರ ಬೇಡ. ಹಸುಗೂಸಿದ್ದರೆ ಇನ್ನೂ ಜೋಪಾನ: ಆರ್‌ಎಸ್‌ವಿ ಎಂಬ ಉಸಿರಾಟದ ವೈರಸ್ ದೊಡ್ಡ ಮಗುವಿಗೆ ಬರೀ ನೆಗಡಿಯಾದರೂ 6 ತಿಂಗಳೊಳಗಿನ ಕೂಸಿಗೆ ಉಸಿರಾಟವನ್ನೇ ಕಷ್ಟ ಮಾಡಬಹುದು. ಕೂಸಿಗೆ ಮುತ್ತು ಕೊಡೋದು ಸದ್ಯಕ್ಕೆ ಬಂದ್ (ಅಣ್ಣ-ಅಕ್ಕಂದಿರು ಕೇಳಲ್ಲ, ಗೊತ್ತು!). ಮೂಗು ಒರೆಸಿದ ಮೇಲೆ ಮಗುವಿನದಷ್ಟೇ ಅಲ್ಲ, ನಿಮ್ಮ ಕೈಯನ್ನೂ ಸೋಪಿನಿಂದ 20 ಸೆಕೆಂಡ್ ತೊಳೆಯಿರಿ. ಕಿಟಕಿ ತೆರೆದಿಡಿ. ಮಾಸ್ಕ್ ದೊಡ್ಡವರು ಹಾಕಿಕೊಳ್ಳಿ, 2 ವರ್ಷದೊಳಗಿನವರಿಗೆ ಹಾಕಲೇಬಾರದು. ಉಸಿರೆಳೆಯುವಾಗ ಕೂಸಿನ ಪಕ್ಕೆಲುಬುಗಳ ನಡುವಿನ ಚರ್ಮ ಒಳಸೇದುತ್ತಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.