ಮೂಕಿಚಿತ್ರಗಳ ನಟಿಯ ಜೀವನಚರಿತ್ರೆಯನ್ನು ಬರೆಯುವ ಬಗೆ

ಮೂಕಿಚಿತ್ರಗಳ ಕಾಲದ ನಟಿಯೊಬ್ಬರ ಬದುಕನ್ನು ಬರೆಯಹೊರಟವರು ಮೊದಲು ಸಿದ್ಧಪಡಿಸಿಕೊಳ್ಳಬೇಕಾದದ್ದು ವರ್ಷವಾರು ಪಟ್ಟಿಯನ್ನು. ಕಲಬುರಗಿಯ ನಮ್ಮ ಓದುಗರ ಕೂಟದಲ್ಲಿ ಸುಲೋಚನಾ ಅವರ ಕುರಿತು ನಾನು ಲೇಖನ ಓದಿದಾಗ, ಹಿರಿಯರೊಬ್ಬರು "ಯಾವ ಅನಾರ್ಕಲಿ?" ಎಂದು ಕೇಳಿದರು. ಆ ಪ್ರಶ್ನೆಗೆ ನನ್ನ ಬರಹದಲ್ಲಿ ಉತ್ತರವಿರಲಿಲ್ಲ. ಅದೇ ಹೆಸರಿನ 1928ರ ಮೂಕಿಚಿತ್ರದಲ್ಲಿಯೂ 1935ರ ವಾಕ್ಚಿತ್ರದಲ್ಲಿಯೂ ಅವರು ನಾಯಕಿ. 1953ರ ಚಿತ್ರದಲ್ಲಿ ಸಲೀಮನ ತಾಯಿ ಜೋಧಾಬಾಯಿ. ಮೂರನ್ನೂ ಬೇರೆಬೇರೆಯಾಗಿ ಬರೆದಿಟ್ಟರೆ ಇಡೀ ವೃತ್ತಿಜೀವನದ ಏರಿಳಿತ ತಾನಾಗಿಯೇ ಕಾಣಿಸುತ್ತದೆ.

ಹೆಸರುಗಳನ್ನೂ ಹಾಗೆಯೇ ಬಿಡಿಸಿ ಬರೆಯಬೇಕು. ಸುಲೋಚನಾ ಎಂಬುದು ತೆರೆಯ ಹೆಸರು. ಅವರು 1907ರಲ್ಲಿ ಪುಣೆಯ ಯಹೂದಿ ಕುಟುಂಬದಲ್ಲಿ ಹುಟ್ಟಿದ ರೂಬಿ ಮೈಯರ್ಸ್. ಟೆಲಿಫೋನ್ ಆಪರೇಟರ್ ಆಗಿದ್ದ ಅವರನ್ನು ಕೊಹಿನೂರ್ ಕಂಪನಿಯ ಮೋಹನ್ ಭವನಾನಿ ಚಿತ್ರರಂಗಕ್ಕೆ ಕರೆತಂದರು. (ಕಮಲಾದೇವಿ ಚಟ್ಟೋಪಾಧ್ಯಾಯರು ನಟಿಸಿದ 'ಮೃಚ್ಛಕಟಿಕ'ದ ಮೂಕಿಚಿತ್ರವನ್ನು ನಿರ್ದೇಶಿಸಿದವರೂ ಇದೇ ಭವನಾನಿ ಎಂಬುದನ್ನು ಕನ್ನಡದ ಓದುಗರಿಗೆ ತಿಳಿಸುವುದು ಒಳ್ಳೆಯದು.) 1927ರ 'ವೈಲ್ಡ್‌ಕ್ಯಾಟ್ ಆಫ್ ಬಾಂಬೆ'ಯಲ್ಲಿ ಅವರು ಧರಿಸಿದ ಎಂಟು ವೇಷಗಳಲ್ಲಿ ಹೈದರಾಬಾದಿನ ಗೃಹಸ್ಥನದೂ ಒಂದು. ಆಗ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಜಿಲ್ಲೆಗಳ ಓದುಗರಿಗೆ ಇಂಥ ವಿವರ ಹತ್ತಿರವಾಗುತ್ತದೆ. ಆದರೆ ಅವರ ಸಂಬಳ ಮುಂಬಯಿಯ ಗವರ್ನರರ ಸಂಬಳಕ್ಕಿಂತ ಹೆಚ್ಚಿತ್ತು ಎಂಬ ಮಾತನ್ನು ಜನರ ಹೇಳಿಕೆ ಎಂದೇ ಬರೆಯಬೇಕು.

ಹೆಚ್ಚಿನ ಲೇಖಕರು ಎಡವುವುದು 1931ರಲ್ಲಿ. ಆ ವರ್ಷ ಮಾರ್ಚ್ 14ರಂದು ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ' ತೆರೆಕಂಡಿತು. ಮಾತು ಬಂದೊಡನೆ ಮೂಕಿಯ ನಟಿಯರೆಲ್ಲ ಮೂಲೆಗುಂಪಾದರು ಎಂದು ಒಂದೇ ಉಸಿರಿನಲ್ಲಿ ಬರೆದುಬಿಡುವುದು ಆ ಹೆಣ್ಣುಮಕ್ಕಳ ದುಡಿಮೆಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಹಿಂದುಸ್ತಾನಿ ಮಾತು ಸರಾಗವಾಗಿರದ ಸುಲೋಚನಾ ನಟನೆಯನ್ನು ಸುಮಾರು ಒಂದು ವರ್ಷ ಬದಿಗಿಟ್ಟು ಭಾಷೆ ಕಲಿತರು. ತಮ್ಮದೇ ಮೂಕಿಚಿತ್ರ 'ಮಾಧುರಿ'ಯ ವಾಕ್ಚಿತ್ರ ರೂಪದೊಂದಿಗೆ 1932ರಲ್ಲಿ ಮರಳಿದರು. ಮುಂದೆ ಅವಕಾಶಗಳು ಇಳಿದದ್ದು ನಿಜ, 1973ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದದ್ದೂ ನಿಜ. ಎರಡಕ್ಕೂ ಬರಹದಲ್ಲಿ ಜಾಗ ಕೊಡಿ. 1983ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡದ್ದನ್ನು ಒಂದು ವಾಕ್ಯದಲ್ಲಿ ಹೇಳಿದರೆ ಸಾಕು.

ಆಕರಗಳಿಗಾಗಿ, 1964ರಲ್ಲಿ ಆರಂಭವಾದ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಿಂದ ತೊಡಗಬಹುದು. ಸುಲಭವಾಗಿ ಬೆಂಕಿ ಹತ್ತುವ, ಕಾಲಕ್ರಮದಲ್ಲಿ ಕೊಳೆಯುವ ನೈಟ್ರೇಟ್ ಸುರುಳಿಗಳ ಮೇಲಿದ್ದ ನಮ್ಮ ಮೂಕಿಚಿತ್ರಗಳಲ್ಲಿ ಬಹುಪಾಲು ನಾಶವಾಗಿರುವುದರಿಂದ, ಸ್ಥಿರಚಿತ್ರಗಳು, ಪೋಸ್ಟರುಗಳು, ಪತ್ರಿಕೆಗಳ ಜಾಹೀರಾತುಗಳೇ ನಿಮಗೆ ಮುಖ್ಯ ಆಧಾರ. ಅವುಗಳಲ್ಲಿ ಉರ್ದು ಬರಹ ಕಂಡರೆ ಕಲಬುರಗಿ, ಬೀದರಿನವರು ದೂರ ಹೋಗಬೇಕಾಗಿಲ್ಲ. ಉರ್ದು ಮಾಧ್ಯಮದಲ್ಲಿ ಓದಿದ ಹಿರಿಯರು ಇಲ್ಲಿಯೇ ಇದ್ದಾರೆ. ಜಾಹೀರಾತಿನ ಪ್ರತಿಯೊಂದಿಗೆ ಅವರ ಮನೆಗೆ ಹೋಗಿ ಓದಿಸಿ, ಚಿತ್ರದ ಹೆಸರು, ಕಂಪನಿಯ ಹೆಸರು ಮತ್ತು ದಿನಾಂಕವನ್ನು ಅಲ್ಲಿಯೇ ಪಟ್ಟಿಗೆ ಸೇರಿಸಿಕೊಳ್ಳಿ. ಲೇಖನದ ಮೊದಲ ವಾಕ್ಯವನ್ನು ಬರೆಯುವುದು ಅದಾದ ಮೇಲೆ.