ಕರಿ ನೀಲದ ಉಂಗುರ ಮಾಡಿಸುವ ಮೊದಲು

ಎರಡು ಜಾತ್ರೆ ಹಿಂದೆ, ಅಂದರೆ ನಾಲ್ಕು ವರ್ಷವೇ ಆಯ್ತು, ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ಒಂದು ಕಪ್ಪು ಹರಳು ಕೊಂಡಿದ್ದೆ. "ಕರಿ ನೀಲ, ಒಳಗೆ ನಕ್ಷತ್ರ ಇದೆ ನೋಡಿ" ಅಂದ ಅಂಗಡಿಯವನು. ಕರಿ ನೀಲ ಅಂದರೆ ಕಪ್ಪು ಬಣ್ಣದ ನೀಲಮಣಿ, ಇಂಗ್ಲಿಷಿನ 'ಬ್ಲ್ಯಾಕ್ ಸಫೈರ್'. ಮೊಬೈಲ್ ಬೆಳಕು ಬಿಟ್ಟರೆ ಹೌದು, ನಕ್ಷತ್ರ ಇತ್ತು. ಕುಮಟಾದಲ್ಲಿ ನಮ್ಮ ಮನೆಗೆ ಮೊದಲಿನಿಂದ ಬಂಗಾರದ ಕೆಲಸ ಮಾಡಿಕೊಡುವ ಶೇಟ್ರ ಹತ್ತಿರ ಉಂಗುರಕ್ಕೆ ಕೊಟ್ಟೆ. ಅವರು ಹರಳನ್ನು ಒಮ್ಮೆ ಬೆಳಕಿಗೆ ಹಿಡಿದು ವಾಪಸ್ ನನ್ನ ಕೈಗೇ ಇಟ್ಟರು. "ತಮಾ, ಗೆರೆ ಎಣಿಸು." ಎಣಿಸಿದೆ. ನಾಲ್ಕು. "ನೀಲಕ್ಕೆ ಆರು ಇರ್ತದೆ" ಅಂದರು, ಅಷ್ಟೇ.

ನನ್ನ ಕೈಲಿದ್ದದ್ದು ಡಯೋಪ್ಸೈಡ್. ನಮ್ಮ ದಕ್ಷಿಣ ಭಾರತದಲ್ಲೇ ಸಿಗುವ ಕಲ್ಲು, 'ಬ್ಲ್ಯಾಕ್ ಸ್ಟಾರ್' ಅಂತ ಮಾರುತ್ತಾರೆ. ನಾಲ್ಕು ಗೆರೆ, ಅದೂ ನೇರ ಅಡ್ಡ-ಉದ್ದ ಅಲ್ಲ, ಕತ್ತರಿಯ ಹಾಗೆ ಓರೆ. ಒಳಗೆ ಮ್ಯಾಗ್ನೆಟೈಟ್ ಅನ್ನುವ ಕಬ್ಬಿಣದ ಖನಿಜ ಇರುವುದರಿಂದ ದಾರದಲ್ಲಿ ತೂಗಿಬಿಟ್ಟು ಹತ್ತಿರ ಒಳ್ಳೆ ಅಯಸ್ಕಾಂತ ಹಿಡಿದರೆ ಮೆಲ್ಲಗೆ ಅದರ ಕಡೆ ವಾಲುತ್ತದೆ. ನೋಡಲಿಕ್ಕೆ ಚೆನ್ನಾಗಿಯೇ ಇದೆ, ಆದರೆ ಮೆತ್ತಗಿನ ಕಲ್ಲು, ದಿನಾ ಹಾಕಿಕೊಂಡರೆ ಬೇಗ ಗೀರು ಬೀಳುತ್ತದೆ. ಹಾಗಾಗಿ ಮೊದಲ ಪಾಠ ಇದು: ನಕ್ಷತ್ರ ಕಂಡಿತು ಅಂತ ದುಡ್ಡು ತೆಗೆಯಬೇಡಿ, ಗೆರೆ ಎಣಿಸಿ.

ಈಗ ಅಸಲಿ ಕಲ್ಲಿನ ವಿಷಯ. ನೀಲ, ಮಾಣಿಕ್ಯ ಎರಡೂ ಒಂದೇ ಜಾತಿ, ಕುರುಂದ. ಸಾಣೆ ಹಿಡಿಯಲಿಕ್ಕೆ ಹಿಂದೆ ಪುಡಿ ಮಾಡಿ ಬಳಸುತ್ತಿದ್ದದ್ದೂ ಇದನ್ನೇ, ಇಂಗ್ಲಿಷಿನವರ 'ಕೊರಂಡಮ್' ನಮ್ಮ ಕಡೆಯ ಈ ಮಾತಿನಿಂದಲೇ ಹುಟ್ಟಿದ್ದು. ಗಟ್ಟಿತನದಲ್ಲಿ ವಜ್ರಕ್ಕೆ 10 ಅಂದರೆ ಇದಕ್ಕೆ 9. ಒಳಗೆ ಕಬ್ಬಿಣದ ಅಂಶ ಜಾಸ್ತಿಯಾಗಿ, ಜೊತೆಗೆ ಬೇರೆ ಖನಿಜದ ಸಣ್ಣ ಸಣ್ಣ ಪದರಗಳು ಒತ್ತೊತ್ತಾಗಿ ಸೇರಿದರೆ ಬೆಳಕು ದಾಟುವುದಿಲ್ಲ, ಕಲ್ಲು ಕಪ್ಪಾಗಿ ಕಾಣುತ್ತದೆ. ಇಂಥವು ಹೆಚ್ಚಾಗಿ ಬರುವುದು ಥಾಯ್ಲೆಂಡಿನ ಚಂತಾಬುರಿ ಕಡೆಯಿಂದ ಮತ್ತು ಆಸ್ಟ್ರೇಲಿಯಾದಿಂದ. ಹಳೇ ಕಾಲದ ಲಾವಾ ಇವನ್ನು ಕೆಳಗಿನಿಂದ ಮೇಲಕ್ಕೆ ತಂದು ಹಾಕಿದೆ, ಬಂಡೆ ಸವೆದ ಮೇಲೆ ಹಳ್ಳದ ಜಲ್ಲಿಯಲ್ಲಿ ಉಳಿದಿವೆ. ಜಲ್ಲಿಯನ್ನು ಜರಡಿಗೆ ಹಾಕಿ ನೀರಲ್ಲಿ ಕುಲುಕುತ್ತಾರೆ. ನೀಲ ಭಾರ, ತಳಕ್ಕೆ ಹೋಗಿ ನಡುವೆ ಸೇರುತ್ತದೆ, ಜರಡಿಯನ್ನು ದೋಸೆ ಮಗುಚಿದ ಹಾಗೆ ಬೋರಲು ಹಾಕಿದರೆ ಮೇಲೆಯೇ ಕಾಣುತ್ತದೆ. ಕ್ವೀನ್ಸ್‌ಲ್ಯಾಂಡಿನಲ್ಲಿ 1930ರ ದಶಕದಲ್ಲಿ ಒಬ್ಬ ಹುಡುಗನಿಗೆ ಸಿಕ್ಕ ದೊಡ್ಡ ಕಪ್ಪು ಕಲ್ಲನ್ನು ಮನೆಯವರು ಬಾಗಿಲಿಗೆ ಒತ್ತು ಕೊಡಲಿಕ್ಕೆ ಇಟ್ಟುಕೊಂಡಿದ್ದರಂತೆ. ಆಮೇಲೆ ಅದನ್ನು ಉಜ್ಜಿದಾಗ 733 ಕ್ಯಾರೆಟ್ಟಿನ ನಕ್ಷತ್ರ ನೀಲ ಆಯಿತು! (ನಮ್ಮ ಮಾಜಾಳಿ ಹತ್ತಿರ ತಿಳ್ಮಾತಿ ಕಡಲ ತಡಿಯ ಎಳ್ಳಿನಂಥ ಕಪ್ಪು ಮರಳನ್ನು ನಾನೂ ಕೈಯಲ್ಲಿ ಕೆದಕಿದ್ದೇನೆ. ಅದು ಸುಮ್ನೆ ಮರಳು.)

ಒಂದು ಮಾತು ನೇರವಾಗಿ ಹೇಳುತ್ತೇನೆ. ಕರಿ ನೀಲ ಅಪರೂಪದ ಕಲ್ಲಲ್ಲ. ನೀಲಿ ನೀಲದ ರೇಟನ್ನು ಇದಕ್ಕೆ ಯಾರಾದರೂ ಹೇಳಿದರೆ ಎದ್ದು ಬನ್ನಿ. ಇಲ್ಲಿ ನಾವು ದುಡ್ಡು ಕೊಡುವುದು ಬಹುಪಾಲು ಕೈಕೆಲಸಕ್ಕೆ, ಅದಕ್ಕೇ ಕೆಲಸ ನೋಡಲು ಕಲಿಯಬೇಕು. ಶನಿಗೆ ಕರಿಯದು ನಡೆಯುತ್ತದೋ ಇಲ್ಲವೋ ಭಟ್ಟರನ್ನು ಕೇಳಿ, ನನ್ನನ್ನಲ್ಲ.

ಕೆಲಸ ಅಂದರೆ ಏನು? ನಕ್ಷತ್ರ ಇರುವ ಕಲ್ಲನ್ನು ಮುಖ ಮುಖವಾಗಿ ಕತ್ತರಿಸುವುದಿಲ್ಲ, ಮೇಲೆ ಗುಮ್ಮಟದ ಹಾಗೆ ಉರುಟು ಮಾಡುತ್ತಾರೆ. ಕಚ್ಚಾ ಕಲ್ಲಿನ ಮೇಲೆ ಒಂದು ಹನಿ ಎಣ್ಣೆ ಬಿಟ್ಟು, ಒಂದೇ ಒಂದು ದೀಪದ ಕೆಳಗೆ ತಿರುಗಿಸುತ್ತಾ ಹೋದರೆ ಎಣ್ಣೆಯ ಉಬ್ಬಿನಲ್ಲಿ ಮಸುಕಾಗಿ ನಕ್ಷತ್ರ ಮೂಡುತ್ತದೆ. ಅದು ಎಲ್ಲಿ ಮೂಡಿತೋ ಅದೇ ಗುಮ್ಮಟದ ನೆತ್ತಿ ಆಗಬೇಕು. ಆ ನೆತ್ತಿಗೆ ತಕ್ಕ ಹಾಗೆ ತಳ ಕೊಯ್ಯಬೇಕು. ಸ್ವಲ್ಪ ಓರೆಯಾದರೂ ನಕ್ಷತ್ರ ಒಂದು ಮೂಲೆಗೆ ಹೋಗಿ ಕೂರುತ್ತದೆ, ಆಮೇಲೆ ಸರಿ ಮಾಡಬೇಕೆಂದರೆ ಮತ್ತೆ ಅರೆದು ಕಲ್ಲು ಸಣ್ಣ ಮಾಡಬೇಕು. ಕಡ್ಡಿಯ ತುದಿಗೆ ಅರಗಿನಲ್ಲಿ ಅಂಟಿಸಿಕೊಂಡು, ವಜ್ರದ ಪುಡಿಯ ಚಕ್ರಕ್ಕೆ ಹಿಡಿದು, ಒರಟಿನಿಂದ ನುಣುಪಿಗೆ ಬರುತ್ತಾರೆ. ಥಾಯ್ ಕರಿ ನೀಲ ಪದರ ಪದರವಾಗಿ ಬಿಡುವ ಸ್ವಭಾವದ್ದು, ಕೈ ಬಿಗಿಯಾದರೆ ಈರುಳ್ಳಿ ಸಿಪ್ಪೆ ಎದ್ದ ಹಾಗೆ ಏಳುತ್ತದೆ. ನಕ್ಷತ್ರ ಇಲ್ಲದ ಕರಿ ಕಲ್ಲನ್ನು ಮಾಮೂಲಿ ಮುಖಗಳಾಗಿ ಕತ್ತರಿಸುತ್ತಾರೆ. ಒಳಗಿನಿಂದ ಬೆಳಕು ಬರುವುದಿಲ್ಲವಲ್ಲ, ಹಾಗಾಗಿ ಮೇಲಿನ ಪಾಲಿಶ್ ಒಂದೇ ಅದರ ಚಂದ. ಮುಖ ಮುಖ ಸೇರುವ ಅಂಚು ಚೂಪಾಗಿದೆಯಾ ನೋಡಿ. ಅಂಚು ಮೊಂಡಾಗಿ ಸವೆದಿದ್ದರೆ ಗಾಜು ಅಥವಾ ಬೇರೆ ಮೆತ್ತಗಿನ ಕಲ್ಲಿರಬಹುದು.

ಅಂಗಡಿಯಲ್ಲಿ ಟ್ಯೂಬ್‌ಲೈಟ್ ಕೆಳಗೆ ನಕ್ಷತ್ರ ಕಾಣುವುದಿಲ್ಲ. ಬಿಸಿಲಿಗೆ ಬನ್ನಿ, ಇಲ್ಲ ಮೊಬೈಲ್ ಟಾರ್ಚ್ ಹಿಡಿಯಿರಿ. ಬೆಳಕು ಆಡಿಸಿದರೆ ನಕ್ಷತ್ರವೂ ಮೇಲೆ ಜಾರಬೇಕು. ಆರೂ ಗೆರೆ ಅಂಚಿನವರೆಗೆ ಮುಟ್ಟುತ್ತವಾ? ನಡುವೆ ಕಡಿದಿದೆಯಾ? ಚಂತಾಬುರಿಯ ಒಳ್ಳೆ ಕಲ್ಲಿನಲ್ಲಿ ಗೆರೆಗೆ ಬಂಗಾರದ ಛಾಯೆ ಇರುತ್ತದೆ, ನನಗೆ ಅದೇ ಇಷ್ಟ. ಅದೇ ಟಾರ್ಚನ್ನು ತೆಳ್ಳಗಿನ ಅಂಚಿಗೆ ಒತ್ತಿ ಹಿಡಿಯಿರಿ. ಎಷ್ಟೋ ಕಲ್ಲು ಅಲ್ಲಿ ಕಡು ನೀಲಿ, ಹಸಿರು ಇಲ್ಲವೇ ಕಂದು ತೋರಿಸುತ್ತವೆ.

ಮನೆಯಲ್ಲಿ ಮಾಡುವ ಪರೀಕ್ಷೆ ಒಂದಿದೆ, ಇದು ನನಗೆ ಬಹಳ ಕೆಲಸಕ್ಕೆ ಬಂದಿದೆ. 0.01 ಗ್ರಾಂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಬೇಕು. ಬಿಡಿ ಹರಳನ್ನು ತೂಗಿ, 2.00 ಗ್ರಾಂ ಬಂತು ಅನ್ನಿ, ಅಂದರೆ 10 ಕ್ಯಾರೆಟ್. ಆಮೇಲೆ ತಕ್ಕಡಿಯ ಮೇಲೆ ಸಣ್ಣ ಲೋಟದಲ್ಲಿ ನೀರಿಟ್ಟು ಸೊನ್ನೆ ಮಾಡಿ. ಹರಳನ್ನು ತೆಳು ನೂಲಿಗೆ ಕಟ್ಟಿ, ತಳಕ್ಕೂ ಗೋಡೆಗೂ ತಾಗದ ಹಾಗೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಗಾಳಿಗುಳ್ಳೆ ಅಂಟಿದ್ದರೆ ಅಲ್ಲಾಡಿಸಿ ಬಿಡಿಸಿ. ಈಗ ತಕ್ಕಡಿ ತೋರಿಸುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ. ಈ 2.00 ಗ್ರಾಂ ಹರಳು ನೀಲವಾದರೆ 0.50 ತೋರಿಸಬೇಕು, ಭಾಗಿಸಿದರೆ 4. ಅಷ್ಟೇ ತೂಕದ ಬೇರೆ ಕರಿ ಕಲ್ಲುಗಳಲ್ಲಿ ಕಪ್ಪು ಸ್ಪಿನೆಲ್ 0.56ರ ಹತ್ತಿರ, ನನ್ನ ಜಾತ್ರೆ ಹರಳಿನ ಜಾತಿ 0.61, ಬಣ್ಣ ಹಾಕಿದ ಕಪ್ಪು ಓನಿಕ್ಸ್ 0.77. ಕಲ್ಲು ತೀರಾ ಸಣ್ಣದಾದರೆ ಲೆಕ್ಕ ಕೈಕೊಡುತ್ತದೆ, ಐದು ಕ್ಯಾರೆಟ್ಟಿಗಿಂತ ಮೇಲಿದ್ದರೆ ಒಳ್ಳೆಯದು.

ಕಾಯಿಸಿದ್ದಾ ಅಂತ ಎಲ್ಲರೂ ಕೇಳುತ್ತಾರೆ. ನೀಲಿ ನೀಲವನ್ನು ಬಣ್ಣ ಸುಧಾರಿಸಲಿಕ್ಕೆ 1600 ಡಿಗ್ರಿ ದಾಟಿಸಿ ಕಾಯಿಸುವುದು ಮಾಮೂಲು. ಕರಿಯದಕ್ಕೆ ಅದರಿಂದ ದೊಡ್ಡ ಲಾಭ ಇಲ್ಲ, ಹೆಚ್ಚಿನವು ಹಾಗೇ ಬರುತ್ತವೆ. ಹೆದರಬೇಕಾದದ್ದು ಬಿರುಕಿಗೆ ಸೀಸದ ಗಾಜು ತುಂಬಿದ ಕಲ್ಲಿಗೆ. ಹತ್ತು ಪಟ್ಟು ತೋರಿಸುವ ಲೂಪಿನಲ್ಲಿ ನೋಡಿದರೆ ಬಿರುಕಿನೊಳಗೆ ಗುಳ್ಳೆ ಕಾಣಬಹುದು. ಇನ್ನೊಂದು, ತೆಳ್ಳಗಿನ ಕಲ್ಲಿನ ಕೆಳಗೆ ಬೇರೆ ತುಂಡು ಅಂಟಿಸಿರುತ್ತಾರೆ, ಪಕ್ಕದಿಂದ ನೋಡಿ, ಅಂಟಿನ ಗೆರೆ ಕಂಡರೆ ಬಿಡಿ. ತೂಕವನ್ನು ಬಿಲ್ಲಿನಲ್ಲಿ ಕ್ಯಾರೆಟ್ಟಿನಲ್ಲೇ ಬರೆಸಿ. ರತ್ತಿಯ (ಗುಲಗಂಜಿ ತೂಕದ) ಲೆಕ್ಕ ಎಲ್ಲರದ್ದೂ ಒಂದೇ ಅಲ್ಲ.

ಕೂರಿಸುವಾಗ ಬೆಳ್ಳಿ ಸಾಕು, ಕಪ್ಪಿಗೆ ಒಪ್ಪುತ್ತದೆ. ಸುತ್ತ ಅಂಚು ಮಡಚಿ ಕೂರಿಸಲು ಹೇಳಿ, ಪದರ ಏಳುವ ಕಲ್ಲಿಗೆ ಆಸರೆ ಆಗುತ್ತದೆ. ಬೆಸುಗೆಯ ಕೆಲಸ ಏನಿದ್ದರೂ ಹರಳು ಕೂರಿಸುವ ಮೊದಲೇ ಮುಗಿಯಬೇಕು. ಮುಂದೆ ಯಾವಾಗಾದರೂ ಉಂಗುರ ದೊಡ್ಡದು ಮಾಡಿಸುವಾಗಲೂ ಅಷ್ಟೇ, ಹರಳು ತೆಗೆಸಿಯೇ ಮಾಡಿಸಿ. ಬೆಂಕಿಯ ಜೊತೆ ಬೆಸುಗೆಗೆ ಹಾಕುವ ಬಿಳಿಗಾರ ತಾಗಿದರೆ ಇಷ್ಟು ಗಟ್ಟಿ ಕಲ್ಲಿನ ಮೈಯನ್ನೂ ತಿಂದುಬಿಡುತ್ತದೆ, ಗಾಜು ತುಂಬಿದ್ದಾದರೆ ಬೆಸುಗೆಯ ಕಲೆ ತೆಗೆಯಲು ಆಸಿಡ್ಡಿಗೆ ಹಾಕಿದಾಗ ಬಿರುಕೆಲ್ಲ ಬಾಯಿ ಬಿಡುತ್ತದೆ. ಶೇಟ್ರಿಗೆ ಇದನ್ನು ಹೇಳಬೇಕಾಗಿಲ್ಲ. ಗೊತ್ತಿಲ್ಲದ ಅಂಗಡಿಯಾದರೆ ಮುಜುಗರ ಪಡದೆ ಮೊದಲೇ ಹೇಳಿ.